ಗೋಪಾಲಮ್ಮನ ತಪ್ಪೊಪ್ಪಿಗೆ
(ಕಂತು ಹನ್ನೊಂದು)

“ಇದನ್ನ ಕಾಪಿ ಅಂತ ಯಾರಂದ್ರು?”

ಗೋಪಾಲಮ್ಮ ಸ್ಟೀಲ್ ಲೋಟವನ್ನು ಮೂಗಿನ ಹತ್ತಿರ ಹಿಡಿದು, ಒಂದು ಗುಟುಕು ಕುಡಿದು, ಮುಖ ಕಿವುಚಿದಳು. “ಪಾತ್ರೆ ತೊಳ್ದಿದ್ ನೀರಿಗೆ ಸಕ್ರೆ ಆಕವ್ರೆ.”

ಕಿಟಕಿಯ ಬಳಿ ನಿಂತಿದ್ದ ಪತ್ತೇದಾರಿ ಶಶಿರೇಖಾ ಕಾಫಿಯ ಕಡೆ ಗಮನ ಕೊಡಲಿಲ್ಲ. ಲೋಟ ಹಿಡಿದ ಕೈಯನ್ನೇ ನೋಡುತ್ತಿದ್ದಳು. ಅಂಚಿನವರೆಗೆ ಕಾಫಿ ಇದ್ದರೂ ಒಂದು ಹನಿ ತುಳುಕಿರಲಿಲ್ಲ.

ಒಂದು ತಿಂಗಳ ಹಿಂದೆ ಪೊಲೀಸ್ ಠಾಣೆಯಲ್ಲಿ ಹೇಳಿಕೆಗೆ ಹೆಬ್ಬೆಟ್ಟು ಒತ್ತುವಾಗ ಇದೇ ಕೈ ಎಷ್ಟು ನಡುಗಿತ್ತೆಂದರೆ, ಮಸಿ ಹಾಳೆಯ ತುಂಬ ಹರಡಿ ಎರಡನೇ ಪ್ರತಿ ಬರೆಯಬೇಕಾಗಿತ್ತು. ಆ ಹೇಳಿಕೆಯ ಸಾರ ಇಷ್ಟೇ: ನನ್ನ ಮೈದುನ ಮುನಿರಾಮಯ್ಯನನ್ನು ಹಿತ್ತಿಲ ನೀರಿನ ಸಂಪಿನೊಳಗೆ ನೂಕಿ ಕೊಂದವಳು ನಾನೇ.

“ಅಮ್ಮ, ಇವತ್ತು ಯಾವ ವಾರ?” ಡಾ. ನಯೀಮ್ ಮಂಚದ ಪಕ್ಕದ ಸ್ಟೂಲಿನ ಮೇಲೆ ಕೂತು ಕೇಳಿದ. ಈ ಸರ್ಕಾರಿ ಆಸ್ಪತ್ರೆಯ ಮನೋರೋಗ ವಿಭಾಗದಲ್ಲಿ ಅವನಿಗಿದು ಹನ್ನೆರಡನೇ ವರ್ಷ.

“ಮಂಗಳವಾರ. ಶಿವರಾತ್ರಿ ಆಗಿ ಐದ್ ದಿನ. ಉಪವಾಸ ಇರಕೂ ಬಿಡ್ಲಿಲ್ಲ ನಿಮ್ ನರ್ಸು.”

“ಆ ಗೋಡೆ ಮೇಲೆ ಏನಾದ್ರೂ ಕಾಣ್ತಿದೆಯಾ?”

ಗೋಪಾಲಮ್ಮ ಕಣ್ಣು ಕಿರಿದು ಮಾಡಿ ಗೋಡೆಯನ್ನು ಮೇಲಿಂದ ಕೆಳಗೆ ನೋಡಿದಳು. “ಸುಣ್ಣ ಕಿತ್ತೋಗೈತೆ. ಒಡಿಸ್ಬಾರ್ದಾ ಸ್ವಾಮಿ? ಸರ್ಕಾರದ್ ದುಡ್ಡು ತಾನೆ?”

“ಇರುವೆ?”

ಅವಳು ಲೋಟ ಕೆಳಗಿಟ್ಟಳು. ನಾಚಿಕೆಯಿಂದ ಮುಖ ಕೆಂಪಾಯಿತು. “ಈಗಿಲ್ಲ. ಬಿಡಪ್ಪ ಅದ್ನ.”

ಮೊದಲ ವಾರ ಅವಳು ಹಗಲೆಲ್ಲ ಹೊದಿಕೆಯ ಮೇಲಿಂದ ಇಲ್ಲದ ಇರುವೆಗಳನ್ನು ಹೆಕ್ಕುತ್ತಿದ್ದಳು. ಹೆಕ್ಕಿದ್ದನ್ನು ಜೋಪಾನವಾಗಿ ನೆಲಕ್ಕೆ ಬಿಟ್ಟು, ತುಳೀಬೇಡ್ರಮ್ಮ ಎಂದು ನರ್ಸುಗಳಿಗೆ ಹೇಳುತ್ತಿದ್ದಳು.

ನಯೀಮ್ ಎದ್ದು ಶಶಿರೇಖಾಳ ಕಡೆ ತಿರುಗಿದ. “ಡಿಸ್ಚಾರ್ಜಿಗೆ ಸಾಯಂಕಾಲದ ತನಕ ಯಾಕೆ? ಈಗ್ಲೇ ಕರ್ಕೊಂಡ್ ಹೋಗಿ. ಬೇಲ್ ಆಗಿದೆಯಲ್ಲ.”

ಬಾಗಿಲಲ್ಲಿದ್ದ ಮಗಳು ಕಲಾವತಿ ಒಳಗೆ ಬರಲಿಲ್ಲ. ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕಾರಿಡಾರಿಗೆ ಹೋದಳು. ಕೋಗಿಲು ರಸ್ತೆಯಲ್ಲಿ ಹೂಗಿಡಗಳ ನರ್ಸರಿ ನಡೆಸುವ, ಆಳುಗಳನ್ನು ಗದರಿಸಿ ಕೆಲಸ ತೆಗೆಯುವ ಮೂವತ್ತೇಳರ ಹೆಂಗಸು ಅವಳು. ಈ ಕೇಸಿಗೆ ಶಶಿರೇಖಾಳನ್ನು ಹುಡುಕಿಕೊಂಡು ಆರ್.ಟಿ. ನಗರದವರೆಗೆ ಬಂದವಳೂ ಅವಳೇ. ಈಗ ನೀರಿನ ನಲ್ಲಿಯ ಹತ್ತಿರ ನಿಂತು ಚಿಕ್ಕ ಮಗುವಿನಂತೆ ಬಿಕ್ಕುತ್ತಿದ್ದಳು.

“ಅಳೋದ್ ಯಾಕೆ? ಇವತ್ತು ಅಳೋ ದಿನ ಅಲ್ಲ,” ಎಂದಳು ಶಶಿರೇಖಾ.

“ಮಾತ್ರೆ ತಂದ್ಕೊಟ್ಟೋಳು ನಾನೇ ಮೇಡಂ. ಬೇಡ ಅಂದ್ರೂ ಮೂಗ್ ಹಿಡ್ದು ನುಂಗಿಸ್ದೋಳೂ ನಾನೇ.”

ಶಶಿರೇಖಾ ಚೀಲ ತಡಕಿದಳು. ತನ್ನ ಕರ್ಚೀಫು ಕೊಟ್ಟಳು.

*

ಡ್ಯೂಟಿ ಕೋಣೆಯ ಮೇಜಿನ ಮೇಲೆ ಏಳು ಮಾತ್ರೆ ಸ್ಟ್ರಿಪ್‌ಗಳಿದ್ದವು. ಒಂದೊಂದರ ಕೆಳಗೂ ಒಂದು ಚೀಟಿ. ಕಲಾವತಿಯ ಮನೆಯ ಬಿಸ್ಕತ್ ಡಬ್ಬಿಯಲ್ಲಿ ಸಿಕ್ಕಿದ ಅವನ್ನು ಶಶಿರೇಖಾ ತಾರೀಖಿನ ಪ್ರಕಾರ ಜೋಡಿಸಿದ್ದಳು. ಪತ್ತೇದಾರಿಕೆಗೆ ಇಳಿಯುವ ಮೊದಲು ಹದಿನೆಂಟು ವರ್ಷ ಡ್ರಗ್ ಇನ್‌ಸ್ಪೆಕ್ಟರ್ ಆಗಿದ್ದವಳು ಅವಳು. ಮಾತ್ರೆಯ ಹೆಸರಿಗಿಂತ ಮೊದಲು ತಾರೀಖು ನೋಡುವುದು ಅಲ್ಲಿ ಕಲಿತ ಅಭ್ಯಾಸ.

“ಇದು ಮೊದಲನೇದು,” ಎಂದು ನಯೀಮ್ ಎಡತುದಿಯ ಸ್ಟ್ರಿಪ್ ಮುಟ್ಟಿದ. “ಉಬ್ಬಸಕ್ಕೆ ಕೊಟ್ಟ ಸ್ಟೆರಾಯ್ಡ್. ಜುಲೈ. ಹತ್ತು ದಿನಕ್ಕೆ ಅಂತ ಬರೆದಿದ್ದಾರೆ.”

“ಅದೇ ಚೀಟಿ ತೋರ್ಸಿ ಏಳು ತಿಂಗಳು ತಗೊಂಡಿದ್ದಾರೆ. ಉಸಿರಾಟ ಸರಾಗ ಆಯ್ತಲ್ಲ, ಯಾರೂ ನಿಲ್ಸಿಲ್ಲ. ಅಂಗಡಿಯವನೂ ಕೇಳ್ಲಿಲ್ಲ.”

“ಅಕ್ಟೋಬರಿಗೆ ನಿದ್ದೆ ಹೋಯ್ತು. ಮಾತು ಜಾಸ್ತಿ ಆಯ್ತು. ಬೋರ್‌ವೆಲ್ ನೀರಿಗೆ ಯಾರೋ ಏನೋ ಬೆರ್ಸಿದ್ದಾರೆ ಅನ್ನೋ ಅನುಮಾನ. ಇದೆಲ್ಲಾ ಸ್ಟೆರಾಯ್ಡ್ ಕೆಲಸ.” ಅವನ ಬೆರಳು ಮುಂದಿನ ಸ್ಟ್ರಿಪ್‌ಗೆ ಸರಿಯಿತು. “ಆದ್ರೆ ಯಲಹಂಕದ ಡಾಕ್ಟರು ಸ್ಕಿಜೋಫ್ರೇನಿಯಾ ಅಂತ ಬರೆದು ಇದನ್ನ ಕೊಟ್ರು. ಅದ್ರಿಂದ ಕೈಕಾಲು ಸೆಟೆದು ನಡುಕ ಬಂತು. ನಡುಕಕ್ಕೆ ಮೂರನೇದು. ಮೊದಲು ದಿನಕ್ಕೊಂದು, ಆಮೇಲೆ ಮೂರು. ಆ ವಯಸ್ಸಿಗೆ ಅದು ತಲೆನೇ ಕಲಕಿಬಿಡತ್ತೆ. ಇರುವೆ ಬಂದದ್ದು ಅಲ್ಲಿಂದ.”

“ಇರುವೆ ಬಂತು ಅಂತ ನಾಲ್ಕನೇದು.”

“ಹ್ಞೂಂ. ನಿದ್ದೆಗೆ ಐದು. ಮಲಬದ್ಧತೆಗೆ ಆರು. ಮೂತ್ರಕ್ಕೆ ಇನ್ನೊಬ್ರು ಡಾಕ್ಟರ್ ಹತ್ರ ಏಳು.” ನಯೀಮ್ ಉಸಿರು ಬಿಟ್ಟ. “ಕಾಯ್ಲೆ ಅಂತ ಇದ್ದದ್ದು ಉಬ್ಬಸ ಒಂದೇ ಮೇಡಂ. ಮಿಕ್ಕಿದ್ದೆಲ್ಲ ಮಾತ್ರೆಗೆ ಮಾತ್ರೆ.”

ಅಷ್ಟನ್ನೂ ಒಂದೇ ದಿನ ಕಿತ್ತು ಹಾಕುವಂತಿರಲಿಲ್ಲ. ಸ್ಟೆರಾಯ್ಡನ್ನು ಥಟ್ಟನೆ ನಿಲ್ಲಿಸಿದರೆ ಜೀವಕ್ಕೇ ಅಪಾಯವಿತ್ತು. ಮೂವತ್ತು ದಿನ ಅವನು ಕಾಲು ಮಾತ್ರೆ, ಅರ್ಧ ಮಾತ್ರೆ ಲೆಕ್ಕದಲ್ಲಿ ಇಳಿಸುತ್ತ ಬಂದಿದ್ದ.

“ಒಂದು ಮಾತು,” ಎಂದ ಅವನು. “ಈ ಎರಡನೇ ಮಾತ್ರೆ ವಿಷ ಅಂತ ಹೊರಗೆ ಹೇಳ್ಬೇಡಿ. ಇದನ್ನೇ ನುಂಗಿ ಮತ್ತೆ ಡ್ಯೂಟಿಗೆ ಹೋಗ್ತಿರೋ ಲೈನ್‌ಮನ್ ಒಬ್ಬ ಪಕ್ಕದ ವಾರ್ಡಿಗೆ ತೋರ್ಸೋಕೆ ಬರ್ತಾನೆ. ಬೇಕಾದೋರಿಗೆ ಬೇಕೇ ಬೇಕು. ಈಯಮ್ಮನಿಗೆ ಬೇಕಿರ್ಲಿಲ್ಲ, ಅಷ್ಟೆ.”

“ತಪ್ಪೊಪ್ಪಿಗೆ ಕೊಟ್ಟ ದಿನ ಆಕೆ ಬುದ್ಧಿ ಸ್ವಾಧೀನದಲ್ಲಿ ಇರ್ಲಿಲ್ಲ ಅಂತ ಬರೆದುಕೊಡ್ತೀರಾ?”

“ಬರೆದಾಗಿದೆ.” ಅವನು ಡ್ರಾಯರಿನಿಂದ ಮೊಹರು ಹಾಕಿದ ಲಕೋಟೆ ತೆಗೆದ.

ಶಶಿರೇಖಾ ಅದನ್ನು ಚೀಲಕ್ಕೆ ಹಾಕಿಕೊಂಡಳು. ಎಷ್ಟೋ ವಾರಗಳ ನಂತರ ಹೆಗಲು ಹಗುರಾದಂತೆ ಅನಿಸಿತು. ಆದರೂ ಒಂದು ವಿಷಯ ಒಳಗೆ ಚುಚ್ಚುತ್ತಲೇ ಇತ್ತು. ಚಪ್ಪಲಿ.

ಜನವರಿ ಇಪ್ಪತ್ತೆರಡರಂದು ಸಂಪಿನಲ್ಲಿ ಹೆಣ ಸಿಕ್ಕಿತ್ತು. ಮೂರು ದಿನ ನೀರಲ್ಲಿದ್ದ ದೇಹದ ಮುಖ ಗುರುತು ಹಿಡಿಯುವಂತಿರಲಿಲ್ಲ. ಅಂಗಿ ಮತ್ತು ಬೆರಳಿನ ಕೆಂಪು ಹರಳಿನ ಉಂಗುರ ನೋಡಿ, ಇವರು ನಮ್ಮ ಚಿಕ್ಕಪ್ಪನೇ ಎಂದಿದ್ದಳು ಕಲಾವತಿ. ಒಂದು ಕಾಲಿನಲ್ಲಿ ಚಪ್ಪಲಿ ಇತ್ತು. ಇನ್ನೊಂದು ಎಷ್ಟು ಹುಡುಕಿದರೂ ಪೊಲೀಸರಿಗೆ ಸಿಕ್ಕಿರಲಿಲ್ಲ. ಹನ್ನೊಂದು ದಿನದ ಮೇಲೆ ಗೋಪಾಲಮ್ಮ ಒಬ್ಬಳೇ ಆಟೋ ಹತ್ತಿ ಠಾಣೆಗೆ ಹೋಗಿ, ಎಡಗಾಲಿನ ಚಪ್ಪಲಿ ಬಚ್ಚಲ ಒಲೆಯ ಸೌದೆ ಹಿಂದೆ ಇದೆ ಎಂದಳು. ಪೊಲೀಸರು ಹೋಗಿ ಸೌದೆ ಸರಿಸಿದರು. ಅಲ್ಲೇ ಇತ್ತು.

ಹುಚ್ಚಿನ ಮಾತಿಗೆ ಸೌದೆಯ ಹಿಂದಿನ ಚಪ್ಪಲಿ ಕಾಣುವುದು ಹೇಗೆ?

*

“ಟೋಕನ್ ಮೂವತ್ತೊಂದು!”

ಯಲಹಂಕ ನ್ಯೂಟೌನಿನ ಆ ಕ್ಲಿನಿಕ್ಕಿನ ಬೆಂಚುಗಳಲ್ಲಿ ಕೂರಲು ಜಾಗವಿರಲಿಲ್ಲ. ದೇವನಹಳ್ಳಿ ಕಡೆಯಿಂದ ಬಂದವರು ಮೆಟ್ಟಿಲ ಮೇಲೂ ಕೂತಿದ್ದರು. ಕಲಾವತಿಯನ್ನು ಬಾಗಿಲ ಹೊರಗೆ ನಿಲ್ಲಿಸಿ ಶಶಿರೇಖಾ ಒಳಗೆ ಹೋದಳು.

ಡಾ. ಶಿವರಾಮ್ ಐವತ್ತು ದಾಟಿದ, ಕಣ್ಣಡಿ ಕಪ್ಪಾದ ಮನುಷ್ಯ. ತಲೆ ಎತ್ತದೆ ಕೇಳಿದ. “ಹೇಳಿ.”

“ನಿದ್ದೆ ಬರ್ತಿಲ್ಲ ಡಾಕ್ಟ್ರೇ. ಒಂದೇ ವಿಷಯ ತಲೇಲಿ ಓಡ್ತಾ ಇರತ್ತೆ.”

“ಎಷ್ಟ್ ದಿನದಿಂದ?”

“ಒಂದ್ ತಿಂಗ್ಳಿಂದ. ಯಾರನ್ನೂ ನಂಬೋಕಾಗ್ತಿಲ್ಲ.”

ಪೆನ್ನು ಆಗಲೇ ಓಡುತ್ತಿತ್ತು. “ಒಂದು ರಾತ್ರಿಗೆ, ಒಂದು ಬೆಳಿಗ್ಗೆಗೆ. ಹದಿನೈದು ದಿನ ಬಿಟ್ಟು ಬನ್ನಿ.”

ಶಶಿರೇಖಾ ಚೀಟಿ ತೆಗೆದುಕೊಂಡು ಓದಿದಳು. ಅದರ ಪಕ್ಕದಲ್ಲಿ ತನ್ನ ವಿಸಿಟಿಂಗ್ ಕಾರ್ಡ್ ಇಟ್ಟಳು. “ನಿದ್ದೆ ಬರದೇ ಇರೋದು ನಿಜ. ಆದ್ರೆ ನಾನು ಪೇಷೆಂಟ್ ಅಲ್ಲ. ಬೇರೆ ಏನ್ ಮಾತ್ರೆ ತಗೋತೀನಿ ಅಂತ ನೀವು ಕೇಳ್ಲಿಲ್ಲ. ಗೋಪಾಲಮ್ಮನನ್ನೂ ಹೀಗೇ ನೋಡಿದ್ರಾ?”

ಶಿವರಾಮನ ಮುಖ ಬಿಗಿಯಾಯಿತು. “ಯಾವ ಗೋಪಾಲಮ್ಮ?”

“ಕೋಗಿಲು. ಅರವತ್ತೊಂದು ವರ್ಷ. ಮೈದುನನ ಕೊಲೆ ಕೇಸು.”

“ಓ.” ಅವನು ಕುರ್ಚಿಗೆ ಒರಗಿದ. “ಪೇಪರಲ್ಲಿ ಓದಿದೆ. ನೋಡಿ, ನನ್ನ ಡಯಾಗ್ನೋಸಿಸ್ ಬಗ್ಗೆ ಹೊರಗಿನವರ ಹತ್ರ ಮಾತಾಡೋ ಅಗತ್ಯ ನನಗಿಲ್ಲ.”

“ಹೊರಗಿನವಳ ಹತ್ರ ಬೇಡ. ಮಗಳ ಹತ್ರ ಮಾತಾಡಿ.” ಶಶಿರೇಖಾ ಬಾಗಿಲು ತೆರೆದಳು. ಕಲಾವತಿ ಒಳಗೆ ಬಂದು ನಿಂತಳು, ಕೂರಲಿಲ್ಲ.

ಅವಳನ್ನು ನೋಡಿದ ಮೇಲೆ ಡಾಕ್ಟರ್ ಎದ್ದು ಹೋಗಿ ಕಪಾಟಿನಿಂದ ಫೈಲು ತಂದ. ನಿಂತೇ ಮೊದಲ ಪುಟ ನೋಡಿದ.

“ನಿದ್ದೆ ಇಲ್ಲ. ಅನುಮಾನ. ಒಬ್ಬರೇ ಮಾತಾಡ್ತಾರೆ. ಬೇರೆ ಕಾಯಿಲೆ ಇಲ್ಲ ಅಂತ ನೀವೇ ಹೇಳಿದ್ರಿ.”

“ನೀವ್ ಕೇಳಿದ್ದು ಬಿಪಿ ಇದ್ಯಾ, ಶುಗರ್ ಇದ್ಯಾ ಅಂತ ಸಾರ್,” ಎಂದಳು ಕಲಾವತಿ. “ಎರಡೂ ಇಲ್ಲ ಅಂದೆ. ಉಬ್ಬಸದ್ ಮಾತ್ರೆ ಎದೆಗೆ, ಅದಕ್ಕೂ ತಲೆಗೂ ಏನ್ ಸಂಬಂಧ ಅನ್ಕೊಂಡೆ. ನಂಗೇನ್ ಗೊತ್ತು?”

“ಸ್ಟೆರಾಯ್ಡ್,” ಎಂದಳು ಶಶಿರೇಖಾ. “ನಿಮ್ಮ ಹತ್ರ ಬರೋ ಹೊತ್ತಿಗೇ ನಾಲ್ಕು ತಿಂಗಳು ನುಂಗಿದ್ರು.”

ಶಿವರಾಮ್ ನಿಧಾನವಾಗಿ ಕೂತ. ಪೆನ್ನಿನ ಕ್ಯಾಪ್ ತೆಗೆದು ಮತ್ತೆ ಹಾಕಿದ.

“ಅರವತ್ತೊಂದರವರೆಗೆ ಹೊಲ, ಹಸು, ಸಂಸಾರ ಎಲ್ಲ ತೂಗಿಸಿದ ಹೆಂಗಸು ಡಾಕ್ಟ್ರೇ. ಆ ವಯಸ್ಸಲ್ಲಿ ಸ್ಕಿಜೋಫ್ರೇನಿಯಾ ಮೊದಲ ಸಲ ಶುರುವಾಗೋದು ಎಷ್ಟು ಜನಕ್ಕೆ?”

“ಅಪರೂಪ.”

“ಅಪರೂಪದ್ದು ಕಂಡಾಗ ಬೇರೆ ಏನಾದ್ರೂ ಇರ್ಬಹುದಾ ಅಂತ ಅನ್ನಿಸ್ಲಿಲ್ವಾ?”

“ದಿನಕ್ಕೆ ತೊಂಬತ್ತು ಜನ ಬರ್ತಾರೆ ಮೇಡಂ!” ಅವನ ಧ್ವನಿ ಏರಿತು. ಹೊರಗಿನ ಗದ್ದಲ ಒಂದು ಕ್ಷಣ ನಿಂತಿತು. “ಈ ಕಡೆಯಿಂದ ರಾಜಾನುಕುಂಟೆ ದಾಟೋವರೆಗೂ ಈ ಕಾಯಿಲೆ ನೋಡೋನು ನಾನೊಬ್ಬ. ಒಬ್ಬೊಬ್ಬರಿಗೆ ಅರ್ಧ ಗಂಟೆ ಕೊಟ್ರೆ, ಆ ಮೆಟ್ಟಿಲ ಮೇಲೆ ಕೂತಿದ್ದಾರಲ್ಲ, ಅವ್ರನ್ನ ಯಾರು ನೋಡ್ತಾರೆ?”

ಆ ಪ್ರಶ್ನೆ ಸುಳ್ಳಲ್ಲ ಎಂದು ಶಶಿರೇಖಾಳಿಗೂ ಗೊತ್ತಿತ್ತು. ಫೈಲನ್ನು ತನ್ನ ಕಡೆ ತಿರುಗಿಸಿಕೊಂಡು ಕೊನೆಯ ಪುಟಕ್ಕೆ ಹೋದಳು. ಫೆಬ್ರವರಿ ಒಂದು. ಹೆಣ ಸಿಕ್ಕಿ ಹತ್ತು ದಿನ. ಗೋಪಾಲಮ್ಮ ಠಾಣೆಗೆ ಹೋದದ್ದು ಅದರ ಮರುದಿನ.

ಇಂಗ್ಲಿಷಿನಲ್ಲಿ ಗೀಚಿದ ಮೂರು ಸಾಲು. ಫೋನಿನಿಂದ ಧ್ವನಿ ಕೇಳಿಸುತ್ತದೆ ಎನ್ನುತ್ತಾರೆ. ಧ್ವನಿ ಆರೋಪ ಹೊರಿಸುತ್ತದೆ. ಡೋಸ್ ಹೆಚ್ಚಿಸಿದೆ, ಫೋನ್ ಕೊಡಬಾರದೆಂದು ಮಗಳಿಗೆ ಹೇಳಿದೆ.

ಶಶಿರೇಖಾ ಎರಡು ಸಲ ಓದಿದಳು.

“ಡಾಕ್ಟ್ರೇ,” ಎಂದಳು. “ಫೋನಿಂದ ಧ್ವನಿ ಬರೋದು ಕಾಯಿಲೆನಾ?”

ಶಿವರಾಮ್ ಫೈಲನ್ನು ತನ್ನ ಕಡೆ ಎಳೆದುಕೊಂಡ.

“ಎಲ್ಲರ ಫೋನಿಂದಲೂ ಧ್ವನಿ ಬರತ್ತೆ. ಯಾರ ಧ್ವನಿ ಅಂತ ಕೇಳಿದ್ರಾ?”

ಅವನು ಆ ಮೂರು ಸಾಲನ್ನು ಮತ್ತೆ ಓದಿದ.

“ಇಲ್ಲ,” ಎಂದ. “ಕೇಳ್ಲಿಲ್ಲ.”

ಆಮೇಲೆ ಅವನು ಗಂಟೆ ಒತ್ತಿ ಕಾಂಪೌಂಡರನ್ನು ಕರೆದು, ಹತ್ತು ನಿಮಿಷ ಯಾರನ್ನೂ ಬಿಡಬೇಡ ಎಂದ. ಲೆಟರ್‌ಹೆಡ್ ಎಳೆದುಕೊಂಡು ಬರೆಯತೊಡಗಿದ. ತನ್ನ ರೋಗನಿರ್ಣಯ ತಪ್ಪಾಗಿತ್ತು, ಬೇರೆ ಔಷಧಗಳ ವಿವರ ತಾನು ವಿಚಾರಿಸಿರಲಿಲ್ಲ, ಫೆಬ್ರವರಿ ಮೊದಲ ವಾರದಲ್ಲಿ ರೋಗಿಯ ಮಾತನ್ನು ನಂಬುವ ಸ್ಥಿತಿ ಇರಲಿಲ್ಲ. ಸಹಿ ಹಾಕಿ, ನೋಂದಣಿ ಸಂಖ್ಯೆ ಬರೆದು ಕಲಾವತಿಯ ಕೈಗೇ ಕೊಟ್ಟ.

“ಇದ್ರಿಂದ ನನಗೆ ತೊಂದ್ರೆ ಆಗ್ಬಹುದು. ಆಗ್ಲಿ,” ಎಂದ. “ತಾಯಿ ಹೇಗಿದ್ದಾರೆ?”

“ಕೈ ನಡುಗ್ತಿಲ್ಲ ಸಾರ್. ಬೆಳಿಗ್ಗೆಯಿಂದ ಎಲ್ರನ್ನೂ ಬೈತಾ ಇದ್ದಾರೆ.”

ಶಿವರಾಮ್ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡ. ಅವನ ಮುಖದಲ್ಲೂ ಏನೋ ಇಳಿದು ಹೋದಂತೆ ಕಂಡಿತು.

ಇಬ್ಬರೂ ಹೊರಗೆ ಬರುವಾಗ ಕಾಂಪೌಂಡರ್ ಮೂವತ್ತೆರಡನೇ ಟೋಕನ್ ಕೂಗಿದ. ಒಳಗಿನಿಂದ ಡಾಕ್ಟರ್ ದನಿ ಕೇಳಿಸಿತು. “ಬನ್ನಿ, ಕೂತ್ಕೊಳಿ. ಮನೇಲಿ ತಗೋತಿರೋ ಮಾತ್ರೆ ಎಲ್ಲಾ ತಂದಿದ್ದೀರಾ?”

*

ಮಧ್ಯಾಹ್ನ ಕೋಗಿಲಿನ ಮನೆಯ ನಡುಮನೆಯಲ್ಲಿ ಮುದ್ದೆ, ಹುರುಳಿಕಾಳು ಬಸ್ಸಾರು. ಅಡುಗೆಗೆ ಯಾರೂ ಕೈ ಹಾಕಕೂಡದು ಎಂದು ಗೋಪಾಲಮ್ಮ ತಾನೇ ಒಲೆ ಮುಂದೆ ನಿಂತಿದ್ದಳು. ಎರಡು ಸಲ ಉಸಿರು ಹಿಡಿದಾಗ ಉಬ್ಬಸದ ಪಂಪ್ ಎಳೆದುಕೊಂಡಳೇ ಹೊರತು ಮುದ್ದೆ ಕೋಲು ಬಿಡಲಿಲ್ಲ. ಆ ಕೈಗಳು ಮುದ್ದೆ ತಿರುವುವುದನ್ನು ಕಲಾವತಿ ಬಾಗಿಲಿಗೆ ಒರಗಿ ನೋಡುತ್ತಲೇ ಇದ್ದಳು.

“ಏನ್ ಅಂಗ್ ನೋಡ್ತೀಯ? ಮುದ್ದೆ ಕಟ್ಟೋದ್ ಕಂಡಿಲ್ವಾ?”

“ನೋಡ್ತೀನಿ ಬಿಡಮ್ಮ. ನಂಗಿಷ್ಟ.”

ಊಟ ಅರ್ಧವಾಗಿದ್ದಾಗ ಜೀಪು ಬಂದು ನಿಂತಿತು. ಇನ್‌ಸ್ಪೆಕ್ಟರ್ ಮುನಿಆಂಜಿನಪ್ಪ ಟೋಪಿ ಕಂಕುಳಲ್ಲಿ ಇಟ್ಟುಕೊಂಡು ಒಳಗೆ ಬಂದ. ಈ ಕೇಸಿನ ತನಿಖಾಧಿಕಾರಿ. ಸಂಕೋಚದಿಂದ ಬಾಗಿಲಲ್ಲೇ ನಿಂತ.

“ಒಳೀಕ್ ಬಾಪ್ಪ. ಕೈ ತೊಳ್ಕೊ,” ಎಂದಳು ಗೋಪಾಲಮ್ಮ. “ಅವತ್ತು ಸ್ಟೇಷನ್ನಾಗೆ ಬನ್ನು ತಂದ್ಕೊಟ್ಟೆಯಲ್ಲ, ಅಷ್ಟ್ ಗ್ಯಾಪ್ಕ ಐತೆ ನಂಗೆ.”

ಇನ್‌ಸ್ಪೆಕ್ಟರ್ ಕೂತ. ಮೊದಲು ಎರಡೂ ಡಾಕ್ಟರುಗಳ ಪತ್ರ ಓದಿದ, ಆಮೇಲೆ ಮುದ್ದೆಗೆ ಕೈ ಹಾಕಿದ.

“ಮೇಡಂ, ಈ ಎರಡು ಪತ್ರ ಇದ್ರೆ ತಪ್ಪೊಪ್ಪಿಗೆ ನಿಲ್ಲಲ್ಲ,” ಎಂದ ಶಶಿರೇಖಾಳಿಗೆ. “ನನಗೂ ಮೊದ್ಲಿಂದ ಒಳಗೊಳಗೇ ಅನುಮಾನ. ಆ ಸಂಪಿನ ಕಬ್ಬಿಣದ ಮುಚ್ಚಳ ಎತ್ತೋಕೆ ನಮ್ಮ ಇಬ್ಬರು ಕಾನ್‌ಸ್ಟೇಬಲ್ ಬೇಕಾಯ್ತು. ಈಯಮ್ಮ ಅವತ್ತು ಕುಪ್ಪಸದ ಗುಂಡಿ ಹಾಕ್ಕೊಳೋ ಸ್ಥಿತೀಲೂ ಇರ್ಲಿಲ್ಲ. ಸಾಹೇಬ್ರಿಗೆ ಇವತ್ತೇ ಬರೀತೀನಿ.”

ಕಲಾವತಿ ಗಟ್ಟಿಯಾಗಿ ಉಸಿರು ಬಿಟ್ಟು ಗೋಡೆಗೆ ಒರಗಿದಳು. “ಅಮ್ಮ, ಕೇಳಿಸ್ತಾ? ಮುಗೀತಮ್ಮ.”

“ಆದ್ರೆ ಚಪ್ಪಲಿ,” ಎಂದ ಇನ್‌ಸ್ಪೆಕ್ಟರ್. ತುತ್ತು ಕೈಯಲ್ಲೇ ಉಳಿದಿತ್ತು. “ಹೇಳಿಕೆ ಬಿದ್ದುಹೋದ್ರೂ ಚಪ್ಪಲಿ ಬಿದ್ದುಹೋಗಲ್ಲ. ಅದು ಎಲ್ಲಿದೆ ಅಂತ ಇಟ್ಟೋರಿಗೆ ಮಾತ್ರ ಗೊತ್ತಿರತ್ತೆ. ನಿಮಗ್ ಹೆಂಗ್ ಗೊತ್ತಾಯ್ತು ಗೋಪಾಲಮ್ಮ?”

ಗೋಪಾಲಮ್ಮ ತಟ್ಟೆಯಲ್ಲೇ ಕೈ ತೊಳೆದಳು. ಸೆರಗಿಗೆ ಒರೆಸಿಕೊಂಡಳು. ಮೂವರ ಮುಖವನ್ನೂ ನೋಡಿದಳು.

“ಏಳಿದ್ರೆ ಮಾತ್ರೆ ಜಾಸ್ತಿ ಮಾಡಲ್ಲ ತಾನೆ?”

ಇನ್‌ಸ್ಪೆಕ್ಟರ್ ತುತ್ತನ್ನು ತಟ್ಟೆಗೆ ಹಾಕಿದ.

“ಇಲ್ಲಮ್ಮ,” ಎಂದಳು ಶಶಿರೇಖಾ. “ಯಾರೂ ಮಾಡಲ್ಲ. ನಾನಿದ್ದೀನಿ.”

“ಅದಕ್ಕೇ ಕಣವ್ವ ಆಸ್ಪತ್ರೇಲಿ ಬಾಯ್ ಬಿಡ್ಲಿಲ್ಲ. ಆ ನಯೀಮಪ್ಪ ಒಳ್ಳೇನೇ. ಆದ್ರೂ ಭಯ. ನಾನು ಒಂದೊಂದ್ ದಪ ಬಾಯ್ ಬಿಟ್ಟಾಗ್ಲೂ ಒಂದೊಂದ್ ಮಾತ್ರೆ ಜಾಸ್ತಿ ಆಗೈತೆ. ಇರುವೆ ಅಂದೆ, ಒಂದು. ಫೋನು ಅಂದೆ, ಇನ್ನೊಂದು.” ಅವಳು ಬೆರಳು ಮಡಚಿ ತೋರಿಸಿದಳು. “ಇರುವೆ ಸುಳ್ಳು. ಈಗ ಗೊತ್ತಾಯ್ತದೆ, ಅದು ನನ್ ತಲೇದು. ಫೋನು ಸುಳ್ಳಲ್ಲ. ದಿನಾ ಹತ್ತ್ ಗಂಟೆಗೆ ರಿಂಗ್ ಆಯ್ತಿತ್ತು. ಇವ್ಳು ನರ್ಸರಿಗೆ ಓದ್ ಮೇಲೆ.”

“ಏನಂತ?”

“ಮೊದ್ಲು, ಮಾತ್ರೆ ತಗಂಡ್ಯಾ ಅಂತ. ಆಮೇಲೆ, ನೀನೇ ನೂಕಿದ್ದು, ಮರ್ತೋದ್ಯಾ ಅಂತ. ಚಪ್ಲಿ ಸೌದೆ ಇಂದೆ ಎಸ್ದೆಯಲ್ಲ, ಓಗಿ ಪೊಲೀಸ್ನೋರ್ಗೆ ಏಳು, ಮನಸು ಅಗುರ ಆಯ್ತದೆ ಅಂತ. ಒಂಬತ್ತು ದಿನ ಇಂಗೇ ಏಳಿದ್ರೆ, ಆ ಮಂಪರ್ನಾಗೆ ನಂಗೂ ನಾನೇ ಮಾಡ್ದೆ ಅನ್ನಿಸ್ಬುಡ್ತು.”

ಕಲಾವತಿ ಎದ್ದುಬಿಟ್ಟಿದ್ದಳು. “ಅಮ್ಮ, ನೀನು ಫೋನ್ ಹಿಡ್ಕೊಂಡು ಹೂಂ, ಹೂಂ ಅಂತಿದ್ದೆಯಲ್ಲ, ನಾನು ಒಂದಿನ ಮರ್ತಿದ್ ಕೀ ತಗೊಳಕ್ ಬಂದಾಗ ನೋಡಿ... ಒಬ್ಳೇ ಮಾತಾಡ್ತಾಳೆ ಅಂತ ಡಾಕ್ಟ್ರಿಗೆ ಹೇಳ್ದೆ. ಅವ್ರು ಕಿತ್ತಿಡಿ ಅಂದ್ರು.”

“ಎಲ್ಲಿದೆ ಆ ಫೋನು?” ಎಂದಳು ಶಶಿರೇಖಾ.

ಬೀರುವಿನಲ್ಲಿ, ಸೀರೆಗಳ ಅಡಿಯಲ್ಲಿ ಇತ್ತು. ಗುಂಡಿಗಳಿರುವ ಚಿಕ್ಕ ಫೋನು. ಚಾರ್ಜಿಗೆ ಹಾಕಿ ಕಾದರು. ಆ ಹತ್ತು ನಿಮಿಷದಲ್ಲಿ ಗೋಪಾಲಮ್ಮ ಎಲ್ಲರಿಗೂ ಮಜ್ಜಿಗೆ ಕೊಟ್ಟಳು. ಇನ್‌ಸ್ಪೆಕ್ಟರ್ ಕುಡಿಯದೆ ಲೋಟ ಹಿಡಿದೇ ಕೂತಿದ್ದ.

ಪರದೆ ಬೆಳಗಿತು. ಶಶಿರೇಖಾ ಬಂದ ಕರೆಗಳ ಪಟ್ಟಿ ತೆರೆದಳು.

ಜನವರಿ ಇಪ್ಪತ್ನಾಲ್ಕು, ಹತ್ತು ಗಂಟೆ ಎರಡು ನಿಮಿಷ. ಇಪ್ಪತ್ತೈದು, ಹತ್ತು ಗಂಟೆ. ಇಪ್ಪತ್ತಾರು, ಹತ್ತು ಗಂಟೆ ಐದು ನಿಮಿಷ. ಹಾಗೇ ಫೆಬ್ರವರಿ ಒಂದರವರೆಗೆ ಒಂಬತ್ತು ಕರೆ. ಎಲ್ಲವೂ ಹೆಸರಿಲ್ಲದ ಒಂದೇ ನಂಬರಿನಿಂದ.

ಶಶಿರೇಖಾ ಕಣ್ಣು ಮುಚ್ಚಿ ತೆರೆದಳು. ಅವಳಿಗೆ ನಗು ಬಂತು, ಕಣ್ಣಲ್ಲಿ ನೀರೂ ಬಂತು. ಈ ಹೆಂಗಸಿಗೆ ಎಂದೂ ಹುಚ್ಚು ಹಿಡಿದಿರಲಿಲ್ಲ. ಮಾತ್ರೆಯ ಮಂಪರಿನಲ್ಲೂ ಫೋನಿನ ಬಗ್ಗೆ ಅವಳು ನಿಜವನ್ನೇ ಹೇಳಿದ್ದಳು.

“ಅಮ್ಮ, ನಿಮ್ಮ ಮೇಲೆ ಇನ್ನು ಒಂದು ಕೂದಲಷ್ಟೂ ಆರೋಪ ಉಳಿಯಲ್ಲ,” ಎಂದಳು.

ಮುನಿಆಂಜಿನಪ್ಪ ಆಗಲೇ ನಂಬರು ಬರೆದುಕೊಳ್ಳುತ್ತಿದ್ದ. “ಯಾರ ಧ್ವನಿ ಅದು? ಗುರುತು ಸಿಕ್ತಾ ನಿಮಗೆ?”

“ಸಿಗದೇ ಏನು?”

“ಯಾರು?”

ಗೋಪಾಲಮ್ಮ ತಲೆಯಾಡಿಸಿದಳು. “ನನ್ ಬಾಯಾಗ್ ಬ್ಯಾಡ. ಏಳಿದ್ರೆ ನೀವೂ ಮಾತ್ರೆ ಬರೀತೀರ. ನೀವೇ ಕೇಳ್ಕಳಿ.”

ಶಶಿರೇಖಾ ತಡೆಯುವಷ್ಟರಲ್ಲಿ ಅವಳು ಫೋನನ್ನು ಕೈಗೆ ತೆಗೆದುಕೊಂಡು ಹಸಿರು ಗುಂಡಿ ಒತ್ತಿಬಿಟ್ಟಿದ್ದಳು. ಶಶಿರೇಖಾ ಸ್ಪೀಕರ್ ಹಾಕಿ, ಎಲ್ಲರಿಗೂ ಸುಮ್ಮನಿರಲು ಸನ್ನೆ ಮಾಡಿದಳು.

ನಾಲ್ಕು ಸಲ ರಿಂಗಾಯಿತು. ಐದನೇ ರಿಂಗಿಗೆ ಎತ್ತಿದರು.

“ಏನ್ ಅತ್ತಿಗೆ?” ಗಂಡಸಿನ ದನಿ. ಅವಸರವಿಲ್ಲದ, ಸಲಿಗೆಯ ದನಿ. “ಮನೀಗ್ ಬಂದ್ಯಾ? ಮಾತ್ರೆ ತಗಂಡ್ಯಾ?”

ಕಲಾವತಿ ಫೋನಿನ ಹತ್ತಿರಕ್ಕೆ ಬಂದು ಬಗ್ಗಿದಳು.

ಗೋಪಾಲಮ್ಮನ ಕೈ ಅಲುಗಲಿಲ್ಲ. “ತಗಂಡೆ ಕಣಪ್ಪ,” ಎಂದಳು, ನಾಲಿಗೆ ಬೇಕೆಂದೇ ತೊದಲಿಸುತ್ತ. “ನೀ ಎಲ್ಲಿದ್ದೀಯ?”

“ಎಲ್ಲಿರ್ತೀನಿ ಅತ್ತಿಗೆ? ನೀನ್ ನೂಕಿದ್ ಸಂಪಿನಾಗೇ ಇವ್ನಿ.” ಸಣ್ಣ ನಗು. “ಪಕ್ದಾಗೆ ಯಾರವ್ರೆ?”

ಗೋಪಾಲಮ್ಮ ಉತ್ತರಿಸುವ ಮೊದಲೇ ಲೈನು ಕಡಿದುಹೋಯಿತು.

“ಚಿಕ್ಕಪ್ಪ,” ಎಂದಳು ಕಲಾವತಿ. ಮಾತು ಕೇಳಿಸುವಷ್ಟೂ ಇರಲಿಲ್ಲ. “ಅದು ಮುನಿರಾಮಯ್ಯ ಚಿಕ್ಕಪ್ಪನ ಧ್ವನಿ.”

“ನೀವೂ ಕೇಳಿಸ್ಕಂಡ್ರಿ ತಾನೆ?” ಎಂದಳು ಗೋಪಾಲಮ್ಮ. ಒಂದು ತಿಂಗಳು ಹೊತ್ತ ಮೂಟೆ ಇಳಿಸಿದವಳಂತೆ ನೆಲಕ್ಕೆ ಕೂತಳು. “ಸದ್ಯ. ನಂಗೊಬ್ಳಿಗೇ ಅಲ್ಲ.”

ಮುನಿಆಂಜಿನಪ್ಪನ ಪೆನ್ನು ನಂಬರಿನ ಕೊನೆಯ ಅಂಕಿಯ ಮೇಲೆ ನಿಂತೇ ಇತ್ತು. ಅವನು ಕಲಾವತಿಯ ಕಡೆ ತಿರುಗಿದ.

“ಹಂಗಾದ್ರೆ ನಾವು ಆ ಸಂಪಿನಿಂದ ಎತ್ತಿದ್ದು, ನೀವು ಗುರುತು ಹೇಳಿ ಸುಟ್ಟಿದ್ದು ಯಾರನ್ನ?”